ಪ್ಯಾಡ್ ಬದಲಿಸುವ ಮುನ್ನ ಬಿಚ್ಚಿ ನೋಡಿ: ಎಲೆಕ್ಟ್ರಾನಿಕ್ ಡ್ರಮ್ ಕಿಟ್ ದುರಸ್ತಿಯ ಮಾರ್ಗದರ್ಶಿ

ಕಳೆದ ವರ್ಷ ಗಣೇಶ ಹಬ್ಬಕ್ಕೆ ಇನ್ನೈದು ದಿನ ಇರುವಾಗ ಬೆಂಗಳೂರಿನ ಬನಶಂಕರಿಯಿಂದ ತಂಗಿಯ ಮಗಳ ಕರೆ ಬಂತು. “ಮಾವ, ನನ್ನ ಸ್ನೇರ್ ಪ್ಯಾಡ್ ಕೆಟ್ಟುಹೋಗಿದೆ. ಹೊಸದನ್ನೇ ಹಾಕಿಸಬೇಕು ಎನ್ನುತ್ತಿದ್ದಾರೆ.” ಬಡಾವಣೆಯ ಪೆಂಡಾಲಿನ ವಾದ್ಯಗೋಷ್ಠಿಯಲ್ಲಿ ಅವಳು ಮೊದಲ ಸಲ ನುಡಿಸುವವಳಿದ್ದಳು. ಅವಳದು ಎಲೆಕ್ಟ್ರಾನಿಕ್ ಡ್ರಮ್ ಕಿಟ್. ಸ್ನೇರ್ ಎಂದರೆ ಅದರಲ್ಲಿ ನುಡಿಸುವವರ ಮುಂದೆಯೇ ಇರುವ ಮುಖ್ಯ ಡ್ರಮ್, ಪ್ಯಾಡ್ ಎಂದರೆ ಕೋಲಿನಿಂದ ಬಾರಿಸುವ ತಟ್ಟೆ. ಸಂಜೆ ಹೋಗಿ ನೋಡಿದೆ. ಪ್ಯಾಡಿಗೆ ಏನೂ ಆಗಿರಲಿಲ್ಲ. ಕೇಬಲ್ಲಿನ ಜ್ಯಾಕ್ ತಿರುಚಿ ಬಿಚ್ಚಿದರೆ ಒಳಗೆ ಒಂದು ತಂತಿ ಬೆಸುಗೆ ಬಿಟ್ಟು ನೇತಾಡುತ್ತಿತ್ತು. ಹತ್ತು ನಿಮಿಷದ ಕೆಲಸ. ಸಾವಿರಾರು ರೂಪಾಯಿ ಉಳಿಯಿತು, ಹುಡುಗಿ ಹಬ್ಬಕ್ಕೆ ನುಡಿಸಿದಳು.

ಆ ಮೇಲೆ ಅವಳ ಗೆಳೆಯ ಗೆಳತಿಯರ ನಾಲ್ಕಾರು ಕಿಟ್‌ಗಳು ನನ್ನ ಮೇಜಿನ ಮೇಲೆ ಬಂದು ಹೋಗಿವೆ. ಕೆಟ್ಟಿದ್ದು ಎಲ್ಲಿ ಎಂದು ಪತ್ತೆ ಮಾಡುವ ಮೊದಲೇ ಹೊಸ ಪ್ಯಾಡ್ ಕೊಳ್ಳಲು ಹೊರಡುವುದು ನನಗೆ ಸಂಕಟದ ವಿಷಯ. ಸಂಗೀತ ಕಲಿಯುವ ಮಕ್ಕಳ ಮನೆಯಲ್ಲಿ ಹಣ ಸುಲಭವಾಗಿ ಬರುವುದಿಲ್ಲ. ಹಾಗಾಗಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ದೋಷ ಹುಡುಕುವುದು ಮೊದಲು, ಮೇಲ್ದರ್ಜೆಗೆ ಏರಿಸುವ ಮಾತು ಆಮೇಲೆ.

ಪ್ಯಾಡಿನೊಳಗೆ ಇರುವುದೇನು

ರಬ್ಬರ್ ಪ್ಯಾಡ್ ಇರಲಿ, ಬಲೆಯ ಮೆಶ್ ಪ್ಯಾಡ್ ಇರಲಿ, ಒಳಗಿನ ಜೀವ ಒಂದೇ: ಹಿತ್ತಾಳೆಯ ತೆಳುವಾದ ಬಿಲ್ಲೆ, ಅದರ ಮೇಲೆ ಅಂಟಿಸಿದ ಬಿಳಿಯ ಸೆರಾಮಿಕ್ ಪದರ. ಇದನ್ನು ಪೀಜೋ ಎನ್ನುತ್ತಾರೆ. ಸಾಮಾನ್ಯವಾಗಿ 27 ಅಥವಾ 35 ಮಿಲಿಮೀಟರ್ ಅಗಲ ಇರುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು, ಝಾಕ್ ಮತ್ತು ಪಿಯರ್, ತೋರಿಸಿಕೊಟ್ಟರು. ನಿಮ್ಮ ಕೋಲು ಪ್ಯಾಡಿಗೆ ತಾಗಿದಾಗ ನಡೆಯುವುದು ಅದೇ. ಪೆಟ್ಟು ಜೋರಾದಷ್ಟೂ ವೋಲ್ಟೇಜ್ ಹೆಚ್ಚು.

ಈ ವೋಲ್ಟೇಜ್ ಕೇಬಲ್ಲಿನ ಮೂಲಕ ಮಾಡ್ಯೂಲಿಗೆ, ಅಂದರೆ ಧ್ವನಿ ಹುಟ್ಟಿಸುವ ಪೆಟ್ಟಿಗೆಗೆ, ಹೋಗುತ್ತದೆ. ಮಾಡ್ಯೂಲ್ ಕೆಲವೇ ಮಿಲಿಸೆಕೆಂಡುಗಳ ಕಾಲ ಅಲೆಯ ತುದಿ ಎಷ್ಟು ಎತ್ತರಕ್ಕೆ ಏರಿತು ಎಂದು ನೋಡಿ, ಅದನ್ನು 1ರಿಂದ 127ರವರೆಗಿನ ಒಂದು ಅಂಕಿಯಾಗಿಸಿ, ಆ ಅಂಕಿಗೆ ತಕ್ಕ ಧ್ವನಿ ನುಡಿಸುತ್ತದೆ. ಆಮೇಲೆ ಅತಿ ಸಣ್ಣ ಅವಧಿ ಕಿವಿ ಮುಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಪ್ಯಾಡಿನ ಕಂಪನವನ್ನೇ ಎರಡನೆಯ ಪೆಟ್ಟು ಎಂದು ತಿಳಿದುಬಿಡುತ್ತದೆ.

ಅಂಚಿನ ಧ್ವನಿಗೆ ಇನ್ನೊಂದು ಸಂವೇದಕ ಬೇಕು. ಅದರಲ್ಲಿ ಎರಡು ಬಗೆ. ಕೆಲವು ಪ್ಯಾಡುಗಳಲ್ಲಿ ರಿಮ್‌ಗೂ (ಅಂಚಿಗೂ) ಇನ್ನೊಂದು ಪೀಜೋ ಇರುತ್ತದೆ. ಉಳಿದವುಗಳಲ್ಲಿ ಅಂಚಿನ ರಬ್ಬರಿನ ಕೆಳಗೆ ಒತ್ತಿದರೆ ಕೂಡಿಕೊಳ್ಳುವ ಪಟ್ಟಿಯಂಥ ಸ್ವಿಚ್ ಇರುತ್ತದೆ. ಸಿಂಬಲ್ (ತಾಳದಂಥ ತಟ್ಟೆ) ಪ್ಯಾಡುಗಳಲ್ಲಿ ಹೆಚ್ಚಾಗಿ ಕಾಣುವುದು ಈ ಸ್ವಿಚ್. ಈ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಿ. ಹೊಸ ಪ್ಯಾಡ್ ಕೊಳ್ಳುವಾಗ ಜನ ಎಡವುವುದು ಇಲ್ಲಿಯೇ.

ಮೊದಲ ಹೆಜ್ಜೆ: ಅದಲು ಬದಲು

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಡಿ. ಮೊದಲು ಮಾಡ್ಯೂಲಿನಲ್ಲಿ ಬೇರೊಂದು ಕಿಟ್ (ಇಲ್ಲಿ ಧ್ವನಿಗಳ ಸಿದ್ಧ ಗುಂಪು) ಆಯ್ಕೆ ಮಾಡಿ ಪ್ಯಾಡ್ ಬಾರಿಸಿ. ನೀವು ಅಥವಾ ಮನೆಯ ಮಕ್ಕಳು ಒಂದು ಕಿಟ್‌ನಲ್ಲಿ ಆ ಪ್ಯಾಡಿನ ಧ್ವನಿಯನ್ನು ಸೊನ್ನೆಗೆ ಇಳಿಸಿ ಮರೆತಿರಬಹುದು. ಬೇರೆ ಕಿಟ್‌ನಲ್ಲಿ ಸದ್ದು ಬಂದರೆ ತೊಂದರೆ ತಂತಿಯಲ್ಲಿಲ್ಲ.

ಸದ್ದು ಬರದಿದ್ದರೆ, ಮಾಡ್ಯೂಲಿನ ದನಿ ಪೂರ್ತಿ ಇಳಿಸಿ, ಸರಿಯಾಗಿ ಕೆಲಸ ಮಾಡುತ್ತಿರುವ, ಸ್ನೇರಿನ ಪಕ್ಕದ ಡ್ರಮ್ಮಾದ ಟಾಮ್‌ನ ಕೇಬಲ್ ಬಿಡಿಸಿ ಕೆಟ್ಟ ಸ್ನೇರ್ ಪ್ಯಾಡಿಗೆ ಚುಚ್ಚಿ. ಈಗ ದನಿ ಏರಿಸಿ ಸ್ನೇರ್ ಬಾರಿಸಿದರೆ ಟಾಮ್‌ನ ಧ್ವನಿ ಬರಬೇಕು. ಬಂದರೆ ಪ್ಯಾಡ್ ಆರೋಗ್ಯವಾಗಿದೆ. ದೋಷ ಹಳೆಯ ಕೇಬಲ್ಲಿನಲ್ಲೋ ಮಾಡ್ಯೂಲಿನ ಸ್ನೇರ್ ರಂಧ್ರದಲ್ಲೋ ಇದೆ. ಬರದಿದ್ದರೆ ಪ್ಯಾಡಿನಲ್ಲೇ ದೋಷ. ಇನ್ನು ಉಲ್ಟಾ ಮಾಡಿ: ಸ್ನೇರ್‌ನ ಕೇಬಲ್ಲನ್ನು ಟಾಮ್ ಪ್ಯಾಡಿಗೆ ಚುಚ್ಚಿ ಬಾರಿಸಿ. ಸದ್ದಿಲ್ಲದಿದ್ದರೆ ಒಳ್ಳೆಯ ಕೇಬಲ್ಲೊಂದನ್ನು ಮಾಡ್ಯೂಲಿನ ಅದೇ ಸ್ನೇರ್ ರಂಧ್ರಕ್ಕೆ ಹಾಕಿ ಮತ್ತೊಮ್ಮೆ ನೋಡಿ. ಕೇಬಲ್, ಪ್ಯಾಡ್, ರಂಧ್ರ, ಈ ಮೂರರಲ್ಲಿ ಯಾವುದನ್ನು ಬದಲಿಸಿದಾಗ ತೊಂದರೆ ಹೋಯಿತೋ ಅದೇ ತಪ್ಪಿತಸ್ಥ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಸದ್ದು ಬಂದರೂ ಕಾರಣ ಗೊತ್ತಾಗುವುದಿಲ್ಲ.

ಕಡಿಮೆ ಬೆಲೆಯ ಅನೇಕ ಕಿಟ್‌ಗಳಲ್ಲಿ ಎಲ್ಲ ಕೇಬಲ್‌ಗಳೂ ಒಂದು ದಪ್ಪ ಗೊಂಚಲಾಗಿ, ಹಳೆಯ ಕಂಪ್ಯೂಟರ್ ಪ್ರಿಂಟರಿನ ಕೇಬಲ್ಲಿನಂಥ 25 ಪಿನ್ನುಗಳ ಕನೆಕ್ಟರ್ ಮೂಲಕ ಮಾಡ್ಯೂಲಿಗೆ ಹೋಗುತ್ತವೆ. ಅಲ್ಲಿಯೂ ಪ್ಯಾಡ್ ಕಡೆಯ ತುದಿಗಳನ್ನು ಅದಲು ಬದಲು ಮಾಡಬಹುದು. ಒಂದಕ್ಕಿಂತ ಹೆಚ್ಚು ಪ್ಯಾಡ್ ಒಮ್ಮೆಗೇ ಸತ್ತಿದ್ದರೆ ಆ ಗೊಂಚಲಿನ ಕನೆಕ್ಟರ್ ಸಡಿಲವಾಗಿದೆಯೇ, ಅದರ ಎರಡು ಸ್ಕ್ರೂ ಬಿಗಿಯಾಗಿವೆಯೇ ಎಂದು ಮೊದಲು ನೋಡಿ. ಪಿನ್ ಬಾಗಿದ್ದರೆ ಸಣ್ಣ ಇಕ್ಕಳದಿಂದ ಮೆಲ್ಲಗೆ ನೇರ ಮಾಡಬಹುದು, ಆತುರಪಟ್ಟರೆ ಮುರಿಯುತ್ತದೆ.

ಕೇಬಲ್ಲಿನ ಸಂಗತಿ

ಪ್ಯಾಡಿಗೆ ಚುಚ್ಚುವ ದಪ್ಪ ಜ್ಯಾಕ್ 6.35 ಮಿಲಿಮೀಟರಿನದು. ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ ಇದನ್ನು ಪಿ-38 ಎಂದು ಕೇಳಿದರೆ ತಕ್ಷಣ ಕೊಡುತ್ತಾರೆ. ಜ್ಯಾಕಿನ ಲೋಹದ ಮೇಲೆ ಒಂದು ಕಪ್ಪು ಗೆರೆ ಇದ್ದರೆ ಮೋನೋ, ಎರಡಿದ್ದರೆ ಸ್ಟೀರಿಯೋ. ಸ್ಟೀರಿಯೋ ಜ್ಯಾಕಿನಲ್ಲಿ ತುದಿಯ ಭಾಗ ಪ್ಯಾಡಿನ ಮಧ್ಯದ ಪೀಜೋಗೆ, ನಡುವಿನ ಉಂಗುರ ರಿಮ್‌ಗೆ, ಉದ್ದನೆಯ ಬುಡ ಅರ್ತ್‌ಗೆ.

ರಿಮ್ ಇರುವ ಪ್ಯಾಡಿಗೆ ಗಿಟಾರಿನ ಮೋನೋ ಕೇಬಲ್ ಹಾಕಿದರೆ ಆ ಉಂಗುರ ನೇರವಾಗಿ ಅರ್ತ್‌ಗೆ ತಾಗಿಬಿಡುತ್ತದೆ. ಸ್ವಿಚ್ ಬಗೆಯ ಸಿಂಬಲ್ ಆಗಿದ್ದರೆ, ಯಾರೋ ಅಂಚನ್ನು ಸದಾ ಒತ್ತಿ ಹಿಡಿದಿದ್ದಾರೆ ಎಂದು ಮಾಡ್ಯೂಲ್ ಭಾವಿಸುತ್ತದೆ. ಎಲ್ಲಿ ಬಾರಿಸಿದರೂ ಅಂಚಿನ ಧ್ವನಿಯೇ ಬರುತ್ತದೆ, ಅಥವಾ ಧ್ವನಿ ಹುಟ್ಟಿದ ಕೂಡಲೇ ಕತ್ತು ಹಿಸುಕಿದಂತೆ ನಿಂತುಹೋಗುತ್ತದೆ. ಹೀಗಾದಾಗ ಪ್ಯಾಡನ್ನು ಶಪಿಸುವ ಮೊದಲು ಜ್ಯಾಕಿನ ಗೆರೆ ಎಣಿಸಿ.

ಮಲ್ಟಿಮೀಟರ್ ಇದ್ದರೆ ಕೇಬಲ್ ಪರೀಕ್ಷೆ ಒಂದು ನಿಮಿಷದ್ದು. ಬೀಪ್ ಸದ್ದಿನ ಸ್ಥಾನದಲ್ಲಿ ಇಟ್ಟು ತುದಿಗೆ ತುದಿ, ಉಂಗುರಕ್ಕೆ ಉಂಗುರ, ಬುಡಕ್ಕೆ ಬುಡ ಮುಟ್ಟಿಸಿ. ಮೂರಕ್ಕೂ ಬೀಪ್ ಬರಬೇಕು. ತುದಿಯಿಂದ ಬುಡಕ್ಕೆ ಬೀಪ್ ಬಂದರೆ ಒಳಗೆ ತಂತಿಗಳು ಒಂದಕ್ಕೊಂದು ತಾಗಿವೆ. ಪರೀಕ್ಷಿಸುವಾಗ ಜ್ಯಾಕಿನ ಬಳಿ ಕೇಬಲ್ಲನ್ನು ಬಗ್ಗಿಸಿ ಅಲ್ಲಾಡಿಸಿ. ಅರ್ಧ ಮುರಿದ ತಂತಿ ನೇರ ಇಟ್ಟಾಗ ಸುಳ್ಳು ಹೇಳುತ್ತದೆ.

ಮಳೆಗಾಲದ ತೇವಕ್ಕೆ ಬೆಂಗಳೂರಿನಲ್ಲಿ ಜ್ಯಾಕ್‌ಗಳ ಮೇಲೆ ಮಂಕಾದ ಪೊರೆ ಕಟ್ಟುತ್ತದೆ. ಕಿಟಕಿಯ ಪಕ್ಕದ ಕಿಟ್‌ಗಳಲ್ಲಿ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಬಟ್ಟೆಗೆ ಹಾಕಿ ಜ್ಯಾಕ್ ಒರೆಸಿ, ರಂಧ್ರದೊಳಗೆ ಹತ್ತಾರು ಸಲ ಚುಚ್ಚಿ ತೆಗೆಯಿರಿ. ಆಗಾಗ ಸದ್ದು ಬಂದು ಹೋಗುವ ಪ್ಯಾಡುಗಳು ಇಷ್ಟಕ್ಕೇ ಸರಿಹೋಗಿದ್ದಿದೆ.

ಪ್ಯಾಡ್ ಬಿಚ್ಚುವುದು

ದೋಷ ಪ್ಯಾಡಿನಲ್ಲೇ ಎಂದು ಖಚಿತವಾದ ಮೇಲೆ ಅದನ್ನು ಕಿಟ್‌ನಿಂದ ಇಳಿಸಿ, ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಬೋರಲು ಮಲಗಿಸಿ. ಖಾತರಿ ಅವಧಿ ಮುಗಿದಿಲ್ಲವಾದರೆ ಇಲ್ಲಿಗೇ ನಿಲ್ಲಿಸಿ, ಕೊಂಡ ಅಂಗಡಿಗೆ ಒಯ್ಯಿರಿ. ಮುಗಿದಿದ್ದರೆ ಹಿಂಬದಿಯ ಸ್ಕ್ರೂಗಳನ್ನು ತೆಗೆಯಿರಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಯಾವ ಬಣ್ಣದ ತಂತಿ ಎಲ್ಲಿತ್ತು ಎಂಬುದು ಅರ್ಧ ಗಂಟೆಯ ನಂತರ ಯಾರಿಗೂ ನೆನಪಿರುವುದಿಲ್ಲ.

ಒಳಗೆ ನೋಡಬೇಕಾದ್ದು ಇಷ್ಟು. ಜ್ಯಾಕ್ ಕೂರುವ ಸಾಕೆಟ್ಟಿನ ಬೆಸುಗೆ ಬಿರುಕು ಬಿಟ್ಟಿದೆಯೇ? ಕಾಲಿಗೆ ಕೇಬಲ್ ತೊಡರಿ ಎಳೆದಾಗ ಮೊದಲು ಸೋಲುವುದು ಇದು. ಪೀಜೋದ ಎರಡು ತಂತಿಗಳಲ್ಲಿ ಒಂದು ಕಿತ್ತು ಬಂದಿದೆಯೇ? ಬಿಳಿಯ ಸೆರಾಮಿಕ್‌ನಲ್ಲಿ ಕೂದಲೆಳೆಯಷ್ಟು ಸೀಳು ಇದೆಯೇ? ಪೀಜೋವನ್ನು ತಟ್ಟೆಗೆ ಅಂಟಿಸಿದ ಎರಡು ಬದಿಯ ಫೋಮ್ ಟೇಪ್ ಒಣಗಿ ಒಂದು ಕಡೆ ಎದ್ದಿದೆಯೇ? ಟೇಪ್ ಎದ್ದಿದ್ದರೆ ಪ್ಯಾಡಿನ ಒಂದು ಭಾಗ ಜೋರಾಗಿ, ಇನ್ನೊಂದು ಭಾಗ ಮೆತ್ತಗೆ ಕೇಳಿಸುತ್ತದೆ.

ಕಿತ್ತ ತಂತಿಯನ್ನು ಮತ್ತೆ ಬೆಸೆಯಲು 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಕೆಂಪು ತಂತಿ ಮಧ್ಯದ ಬಿಳಿ ಪದರಕ್ಕೆ, ಕಪ್ಪು ತಂತಿ ಹೊರಗಿನ ಹಿತ್ತಾಳೆಗೆ. ಬಣ್ಣ ಬೇರೆಯಿದ್ದರೆ ನೀವು ತೆಗೆದ ಚಿತ್ರವನ್ನೇ ನಂಬಿ. ತಂತಿಯ ತುದಿಗೆ ಮೊದಲೇ ಸೀಸ ಹಿಡಿಸಿಕೊಂಡು, ಬಿಳಿ ಪದರದ ಮೇಲೆ ಐರನ್ನನ್ನು ಎರಡು ಸೆಕೆಂಡಿಗಿಂತ ಹೆಚ್ಚು ಇಡಬೇಡಿ. ಬಿಸಿ ಹೆಚ್ಚಾದರೆ ಅದರ ಮೇಲಿನ ಬೆಳ್ಳಿಯ ಲೇಪವೇ ಎದ್ದು ಬರುತ್ತದೆ, ಆಮೇಲೆ ಬೆಸುಗೆ ಹಿಡಿಯುವುದಿಲ್ಲ. ಹಿಡಿಯಲಿಲ್ಲವೆಂದರೆ ಕೈ ತೆಗೆದು, ತಣಿಯಲು ಬಿಟ್ಟು, ಮತ್ತೆ ಪ್ರಯತ್ನಿಸಿ. ಕೆಂಪು ಕಪ್ಪು ಅದಲು ಬದಲಾದರೆ ಕೆಲವು ಮಾಡ್ಯೂಲ್‌ಗಳಲ್ಲಿ ಪೆಟ್ಟು ಸೊರಗಿದಂತೆ ಕೇಳಿಸುತ್ತದೆ, ಆದ್ದರಿಂದ ಎರಡು ಸಲ ನೋಡಿ ಬೆಸೆಯಿರಿ.

ಸೀಳಿದ ಪೀಜೋವನ್ನು ಉಳಿಸಲಾಗುವುದಿಲ್ಲ, ಬದಲಿಸಬೇಕು. ಬನಶಂಕರಿಯಿಂದ ಮೆಟ್ರೊ ಹಸಿರು ಮಾರ್ಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಇಳಿದರೆ ಎಸ್‌.ಪಿ. ರಸ್ತೆಗೆ ನಡೆದೇ ಹೋಗಬಹುದು. ಹಳೆಯ ಪೀಜೋವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಷ್ಟೇ ಅಗಲದ್ದನ್ನು ಕೇಳಿ. ತಂತಿ ಬೆಸೆದೇ ಬರುವ ಪೀಜೋ ಸಿಕ್ಕರೆ ಅದನ್ನೇ ತನ್ನಿ, ಸೆರಾಮಿಕ್ ಮೇಲೆ ಬೆಸೆಯುವ ಆತಂಕ ತಪ್ಪುತ್ತದೆ. ಒಂದರ ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ, ನಾಲ್ಕೈದು ತಂದಿಟ್ಟುಕೊಳ್ಳಿ. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹೋಗಿ.

ಹೊಸ ಪೀಜೋವನ್ನು ಎರಡು ಬದಿಯ ಫೋಮ್ ಟೇಪಿನಿಂದ ಗಾಳಿಗುಳ್ಳೆ ಇಲ್ಲದಂತೆ ಸಮವಾಗಿ ಅಂಟಿಸಿ. ತಂತಿಗಳು ಪೀಜೋದಿಂದ ಒಂದೆರಡು ಸೆಂಟಿಮೀಟರ್ ದೂರದಲ್ಲಿ ತಟ್ಟೆಗೆ ಅಂಟಿಕೊಳ್ಳುವಂತೆ ಬಿಸಿ ಅಂಟಿನ ಒಂದು ಹನಿ ಹಾಕಿ. ಪ್ರತಿ ಪೆಟ್ಟಿಗೂ ತಂತಿ ಕುಣಿದರೆ ಬೆಸುಗೆ ಮತ್ತೆ ಸೋಲುತ್ತದೆ. ಪೀಜೋ ಬರಿಯಾಗಿ ತೆರೆದಿರುವಾಗ ಅದನ್ನು ಮಾಡ್ಯೂಲಿಗೆ ಜೋಡಿಸಿ ಕೋಲಿನಿಂದ ಬಾರಿಸಬೇಡಿ. ನೇರ ಪೆಟ್ಟಿಗೆ ಅದು ಹತ್ತಾರು ವೋಲ್ಟ್ ಹುಟ್ಟಿಸಬಲ್ಲದು, ಸೆರಾಮಿಕ್ ಕೂಡ ಒಡೆಯುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿ ಸದ್ದು ಬರುವುದನ್ನು ಖಚಿತಪಡಿಸಿಕೊಂಡರೆ ಸಾಕು.

ರಿಮ್ ಸ್ವಿಚ್ ಮಾತ್ರ ಕೆಲಸ ಮಾಡದಿದ್ದರೆ ಮಲ್ಟಿಮೀಟರನ್ನು ಉಂಗುರಕ್ಕೂ ಬುಡಕ್ಕೂ ಮುಟ್ಟಿಸಿ ಅಂಚನ್ನು ಒತ್ತಿ. ಒತ್ತಿದಾಗ ರೋಧ ಇಳಿಯಬೇಕು, ಬಿಟ್ಟಾಗ ಏರಬೇಕು. ಅಂಚಿನ ಸುತ್ತ ಒತ್ತುತ್ತಾ ಹೋದರೆ ಎಲ್ಲಿ ಸತ್ತಿದೆ ಎಂದು ತಿಳಿಯುತ್ತದೆ. ಅನೇಕ ಸಲ ಪಟ್ಟಿಯ ನಡುವೆ ಧೂಳೋ ಇರುವೆಯೋ ಸೇರಿರುತ್ತದೆ.

ಮೆಶ್ ಪ್ಯಾಡಿನ ಶ್ರುತಿ

1981ರಲ್ಲಿ ಇಂಗ್ಲೆಂಡಿನ ಸಿಮನ್ಸ್ ಕಂಪನಿ ತಂದ ಆರು ಮೂಲೆಯ ಪ್ಯಾಡುಗಳ ಮೇಲ್ಮೈ ಎಷ್ಟು ಗಟ್ಟಿಯಿತ್ತೆಂದರೆ ನುಡಿಸುವವರ ಮಣಿಕಟ್ಟು ನೋಯುತ್ತಿತ್ತು. ಆಮೇಲೆ ರಬ್ಬರ್ ಬಂತು. 1997ರಲ್ಲಿ ರೋಲ್ಯಾಂಡ್ ತನ್ನ ವಿ-ಡ್ರಮ್ಸ್ ಕಿಟ್‌ನಲ್ಲಿ ಬಲೆಯ ಮುಚ್ಚಿಗೆ ತಂದ ಮೇಲೆ ಕೋಲು ಚರ್ಮವಾದ್ಯದ ಮೇಲೆ ಪುಟಿಯುವಂತೆಯೇ ಪುಟಿಯತೊಡಗಿತು, ಸದ್ದೂ ತಗ್ಗಿತು. ಇವತ್ತು ಸಾಧಾರಣ ಬೆಲೆಯ ಕಿಟ್‌ಗಳಲ್ಲೂ ಮೆಶ್ ಇದೆ. ಆದರೆ ಅದಕ್ಕೆ ಆರೈಕೆ ಬೇಕು, ಮತ್ತು ಮೆಶ್ ಪ್ಯಾಡಿನ ಬಹುಪಾಲು ದೂರುಗಳು ಆರೈಕೆಯ ಕೊರತೆಯವು.

ಮೃದಂಗಕ್ಕೆ ಶ್ರುತಿ ಸೇರಿಸುವವರನ್ನು ಗಮನಿಸಿದ್ದೀರಾ? ಅಂಚಿನ ಸುತ್ತ ಕಲ್ಲಿನಿಂದ ತಟ್ಟುತ್ತಾ, ನಡುನಡುವೆ ನುಡಿಸಿ ಕೇಳುತ್ತಾ, ಎಲ್ಲ ಕಡೆಯೂ ಒಂದೇ ನಾದ ಬರುವವರೆಗೆ ಬಿಡುವುದಿಲ್ಲ. ಮೆಶ್ ಪ್ಯಾಡಿನಿಂದ ನಾದ ಬೇಕಿಲ್ಲ, ಆದರೆ ಎಳೆತದ ಸಮತೆ ಅಷ್ಟೇ ಮುಖ್ಯ. ಡ್ರಮ್ ಕೀಲಿಯಿಂದ ಎಲ್ಲ ಬೋಲ್ಟುಗಳನ್ನು ಸಡಿಲಿಸಿ, ಬೆರಳಲ್ಲಿ ತಿರುಗಿಸಿ ಬಿಗಿಯಾಗುವಷ್ಟು ಕೂರಿಸಿ. ನಂತರ ಎದುರು ಬದುರಿನ ಬೋಲ್ಟುಗಳನ್ನು ಜೋಡಿಯಾಗಿ ಅರ್ಧರ್ಧ ಸುತ್ತು ತಿರುಗಿಸುತ್ತಾ ಬನ್ನಿ. ಪಕ್ಕಪಕ್ಕದ ಬೋಲ್ಟುಗಳನ್ನು ಸಾಲಾಗಿ ಬಿಗಿದರೆ ಬಲೆ ಒಂದು ಕಡೆಗೆ ವಾಲುತ್ತದೆ. ಹೊಸ ಬಲೆ ಮೊದಲ ಕೆಲವು ದಿನ ಹಿಗ್ಗುತ್ತದೆ, ವಾರದ ಬಳಿಕ ಮತ್ತೊಮ್ಮೆ ಬಿಗಿಯಿರಿ. ಬಲೆ ಸಡಿಲವಾಗಿದ್ದರೆ ಒಂದು ಪೆಟ್ಟಿಗೆ ಎರಡು ಸದ್ದು ಬರುತ್ತದೆ. ಡಬಲ್ ಟ್ರಿಗರ್ ಎಂದು ದೂರುವವರಿಗೆ ಮೆನು ತೆರೆಯುವ ಮೊದಲು ಡ್ರಮ್ ಕೀಲಿ ತೆಗೆಯಿರಿ ಎನ್ನುತ್ತೇನೆ.

ಬಲೆಯ ಕೆಳಗೆ, ಪೀಜೋದ ಮೇಲೆ, ಫೋಮಿನ ಒಂದು ಗೋಪುರ ಕೂತಿರುತ್ತದೆ. ಬಲೆ ತೆಗೆದಾಗ ಅದರ ತುದಿ ಪ್ಯಾಡಿನ ಅಂಚಿಗಿಂತ 2ರಿಂದ 3 ಮಿಲಿಮೀಟರ್ ಮೇಲಿರಬೇಕು. ಅಳೆಯಲು ಅಂಚಿನಿಂದ ಅಂಚಿಗೆ ಒಂದು ಸ್ಕೇಲ್ ಅಡ್ಡ ಇಡಿ. ಗೋಪುರ ಸ್ಕೇಲನ್ನು ಸ್ವಲ್ಪ ಎತ್ತಬೇಕು. ವರ್ಷಗಟ್ಟಲೆ ಹೊಡೆತ ತಿಂದು ಅದು ಕುಸಿದಿದ್ದರೆ ಮೆಲ್ಲನೆಯ ಪೆಟ್ಟುಗಳು ದಾಖಲಾಗುವುದೇ ಇಲ್ಲ. ಬಿಡಿ ಗೋಪುರ ಸಿಗದಿದ್ದರೆ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟು ಹೊಲಿಯುವ ಅಂಗಡಿಗಳಿಂದ ಗಟ್ಟಿ ಫೋಮಿನ ತುಂಡು ತಂದು ಚೂಪಾದ ಬ್ಲೇಡಿನಿಂದ ಅದೇ ಆಕಾರಕ್ಕೆ ಕತ್ತರಿಸಬಹುದು. ಬೆರಳಲ್ಲಿ ಒತ್ತಿದರೆ ನಿಧಾನವಾಗಿ ಅಲ್ಲ, ಥಟ್ಟನೆ ಮೊದಲಿನ ಆಕಾರಕ್ಕೆ ಮರಳುವ ಫೋಮ್ ಆರಿಸಿ. ನಾನು ಹೀಗೆ ಮಾಡಿದ ಒಂದು ಗೋಪುರ ಇನ್ನೂ ಕೆಲಸ ಮಾಡುತ್ತಿದೆ.

ಗೋಪುರ ನಡುವಿನಲ್ಲಿರುವ ಪ್ಯಾಡುಗಳಲ್ಲಿ ಸರಿಯಾಗಿ ಮಧ್ಯಕ್ಕೆ ಬಾರಿಸಿದರೆ ಧ್ವನಿ ಸಿಡಿದಂತೆ ಜೋರಾಗುವುದು ಸಹಜ. ಇದನ್ನು ಹಾಟ್ ಸ್ಪಾಟ್ ಎನ್ನುತ್ತಾರೆ. ಗೋಪುರದ ಚೂಪು ತುದಿಯನ್ನು ಸ್ವಲ್ಪವೇ ಚಪ್ಪಟೆ ಮಾಡಿ, ಬಲೆಯನ್ನು ಇನ್ನಷ್ಟು ಬಿಗಿದರೆ ತಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ.

ಮಾಡ್ಯೂಲಿನ ಒಳಗೆ

ಯಂತ್ರದ ಭಾಗ ಸರಿಯಾದ ಮೇಲೆ ಮಾತ್ರ ಸೆಟ್ಟಿಂಗ್ ಮುಟ್ಟಿ. ಮೊದಲು ಇರುವ ಅಂಕಿಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಪ್ಯಾಡ್ ಟೈಪ್ ನೋಡಿ: ನಿಮ್ಮ ಪ್ಯಾಡಿನ ಹೆಸರು ಪಟ್ಟಿಯಲ್ಲಿದ್ದರೆ ಅದನ್ನೇ ಆರಿಸಿ. ಉಳಿದ ಅರ್ಧ ಕೆಲಸ ತಾನಾಗಿ ಮುಗಿಯುತ್ತದೆ.

ಸೆನ್ಸಿಟಿವಿಟಿ, ಅಂದರೆ ಪೆಟ್ಟನ್ನು ಎಷ್ಟು ಸೂಕ್ಷ್ಮವಾಗಿ ಗ್ರಹಿಸಬೇಕು ಎಂಬುದನ್ನು, ಹೊಂದಿಸುವಾಗ ನಿಮ್ಮ ಜೀವನದ ಅತಿ ಜೋರಾದ ಪೆಟ್ಟನ್ನಲ್ಲ, ಪೆಂಡಾಲಿನಲ್ಲಿ ಉತ್ಸಾಹದಿಂದ ನುಡಿಸುವಾಗಿನ ಪೆಟ್ಟನ್ನು ಹಾಕಿ. ಆಗ ಪರದೆಯ ಪಟ್ಟಿ ತುದಿಯನ್ನು ಆಗೊಮ್ಮೆ ಮಾತ್ರ ಮುಟ್ಟಬೇಕು. ಸದಾ ತುದಿಯಲ್ಲೇ ಇದ್ದರೆ ಜೋರು ಮತ್ತು ಮಧ್ಯಮ ಪೆಟ್ಟುಗಳ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ, ನುಡಿಸಾಣಿಕೆ ಯಾಂತ್ರಿಕವಾಗುತ್ತದೆ.

ಥ್ರೆಶೋಲ್ಡ್ ಎಂದರೆ ಇಷ್ಟಕ್ಕಿಂತ ಕಡಿಮೆ ಪೆಟ್ಟನ್ನು ಲೆಕ್ಕಿಸಬೇಡ ಎಂಬ ಗೆರೆ. ಅದನ್ನು ಸೊನ್ನೆಗೆ ಇಳಿಸಿ, ನೆಲ ತುಳಿದಾಗ, ಸ್ಟ್ಯಾಂಡ್ ಅಲ್ಲಾಡಿಸಿದಾಗ ಸುಮ್ಮನೆ ಸದ್ದು ಬರುವುದು ನಿಲ್ಲುವವರೆಗೆ ಒಂದೊಂದೇ ಅಂಕಿ ಏರಿಸಿ; ಏರಿಸುವಾಗ ಕೋಲಿನ ತೂಕವನ್ನಷ್ಟೇ ಬಿಟ್ಟು ಸ್ನೇರ್ ಮೇಲೆ ಸಣ್ಣ ಪೆಟ್ಟುಗಳನ್ನೂ ಹಾಕುತ್ತಿರಿ. ನಿಂತ ಕೂಡಲೇ ಬಿಡಿ.

ಟಾಮ್ ಬಾರಿಸಿದರೆ ಪಕ್ಕದ ಕ್ರ್ಯಾಶ್ ಸಿಂಬಲ್ ಕೂಡ ನುಡಿಯುತ್ತಿದ್ದರೆ ಅದು ಕ್ರಾಸ್‌ಟಾಕ್. ಒಂದೇ ಕೊಳವೆಗೆ ಬಿಗಿದ ಪ್ಯಾಡುಗಳ ನಡುವೆ ಕಂಪನ ಹರಿಯುತ್ತದೆ. ಮೊದಲ ಮದ್ದು ಮೆನುವಿನಲ್ಲಿಲ್ಲ: ಕ್ಲ್ಯಾಂಪ್‌ಗಳನ್ನು ಬಿಗಿಯಿರಿ, ಒಂದು ಪ್ಯಾಡ್ ಇನ್ನೊಂದಕ್ಕೆ ತಾಗುತ್ತಿಲ್ಲ ಎಂದು ನೋಡಿ, ಆ ಎರಡನ್ನು ಬೇರೆ ಬೇರೆ ಕೊಳವೆಗಳಿಗೆ ಹಾಕಿ. ಆಮೇಲೂ ಉಳಿದರೆ, ಸುಮ್ಮನೆ ನುಡಿಯುವ ಪ್ಯಾಡಿನ ಕ್ರಾಸ್‌ಟಾಕ್ ಅಂಕಿಯನ್ನು ಏರಿಸಿ. ಅತಿ ಏರಿಸಿದರೆ ಎರಡು ಕೈಗಳಿಂದ ಒಟ್ಟಿಗೆ ಬಾರಿಸಿದಾಗ ಒಂದು ಪೆಟ್ಟು ನುಂಗಿಹೋಗುತ್ತದೆ.

ಮಾಸ್ಕ್ ಟೈಮ್, ಕೆಲವು ಕಂಪನಿಗಳ ಭಾಷೆಯಲ್ಲಿ ರಿಜೆಕ್ಟ್ ಟೈಮ್, ಮಾಡ್ಯೂಲ್ ಕಿವಿ ಮುಚ್ಚಿಕೊಳ್ಳುವ ಅವಧಿ. ಡಬಲ್ ಟ್ರಿಗರ್‌ಗೆ ಇದನ್ನು ಏರಿಸುವುದು ಸುಲಭದ ದಾರಿ, ಆದರೆ ಲೆಕ್ಕ ಹಾಕಿ: ನಿಮಿಷಕ್ಕೆ 200 ಬೀಟ್ ವೇಗದಲ್ಲಿ ಒಂದು ಬೀಟಿಗೆ ನಾಲ್ಕು ಪೆಟ್ಟು ಹಾಕಿದರೆ ಎರಡು ಪೆಟ್ಟುಗಳ ನಡುವೆ ಇರುವುದು 75 ಮಿಲಿಸೆಕೆಂಡ್. ಒತ್ತಿ ಉರುಳಿಸುವ ಬಜ್ ರೋಲ್‌ನಲ್ಲಿ ಇನ್ನೂ ಕಡಿಮೆ. ಮಾಸ್ಕ್ ಟೈಮನ್ನು ಎಗ್ಗಿಲ್ಲದೆ ಏರಿಸಿದವರು ತಿಂಗಳುಗಟ್ಟಲೆ ತಮ್ಮ ಕೈ ತಪ್ಪುತ್ತಿದೆ ಎಂದು ಕೊರಗುತ್ತಾರೆ. ಕಲಿಯುವ ಮಕ್ಕಳ ವಿಷಯದಲ್ಲಿ ಇದು ಅನ್ಯಾಯ.

ಹೈ-ಹ್ಯಾಟ್ ಮತ್ತು ಸಿಂಬಲ್

ಹೈ-ಹ್ಯಾಟ್ (ಪೆಡಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್) ಸದಾ ತೆರೆದೇ ಇರುವಂತೆ ಕೇಳಿಸಿದರೆ ಪೆಡಲಿನ ಕೇಬಲ್ ನೋಡಿ. ಅದು ಪ್ಯಾಡಿನ ಕೇಬಲ್ಲಿಗಿಂತ ಬೇರೆ. ಸರಿಯಿದ್ದರೆ ಮಾಡ್ಯೂಲಿನ ಹೊಂದಾಣಿಕೆ ಮೆನುವಿನಲ್ಲಿ ಪೆಡಲ್ ಪೂರ್ತಿ ಎತ್ತಿ, ಪೂರ್ತಿ ಒತ್ತಿ ಮತ್ತೆ ಕಲಿಸಿಕೊಡಿ. ಮಾಡ್ಯೂಲ್ ಆನ್ ಮಾಡುವಾಗ ಪೆಡಲಿನ ಮೇಲೆ ಕಾಲಿಡಬೇಡಿ.

ಸಿಂಬಲ್ ಪ್ಯಾಡನ್ನು ಮೇಲಿನ ನಟ್ಟಿನಿಂದ ಬಿಗಿದು ಕಟ್ಟಬೇಡಿ. ತೂಗಾಡಲು ಜಾಗ ಇರಲಿ. ಆದರೆ ಸಂವೇದಕ ಇರುವ ಭಾಗ ನಿಮ್ಮ ಕಡೆಗೇ ಇರುವಂತೆ, ತಿರುಗದಂತೆ ತಡೆಯುವ ತುಂಡು ಹಾಕಿದ್ದೀರಾ ಎಂದು ನೋಡಿ. ಕ್ರ್ಯಾಶ್ ಕ್ರಮೇಣ ಸೊರಗುತ್ತಿದೆ ಎನ್ನುವವರ ಮನೆಯಲ್ಲಿ ಸಿಂಬಲ್ ತಿರುಗಿ ಕೂತಿದ್ದನ್ನು ಕಂಡಿದ್ದೇನೆ.

ಅಡಾಪ್ಟರ್ ಬಗ್ಗೆ ಒಂದು ಎಚ್ಚರಿಕೆ. ಒಳಗಿನ ಪಿನ್ ಧನವೋ ಋಣವೋ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ವೋಲ್ಟೇಜ್ ಒಂದೇ ಇದೆ ಎಂದು ಬೇರೆ ವಾದ್ಯದ ಅಡಾಪ್ಟರ್ ಚುಚ್ಚಿದರೆ ಮಾಡ್ಯೂಲ್ ಸುಟ್ಟುಹೋಗಬಹುದು. ಬದಲಿ ಕೊಳ್ಳುವಾಗ ಹಳೆಯದರ ಮೇಲಿನ ವೋಲ್ಟ್, ಆಂಪಿಯರ್, ಪಿನ್ನಿನ ಚಿಹ್ನೆ ಮೂರನ್ನೂ ಹೋಲಿಸಿ.

ಇನ್ನು ಮೇಲ್ದರ್ಜೆ

ಎಲ್ಲವೂ ಕೆಲಸ ಮಾಡುತ್ತಿದ್ದು, ಕೈ ಪಳಗಿದೆ, ಇನ್ನೂ ಸೂಕ್ಷ್ಮ ಬೇಕು ಎನ್ನಿಸಿದಾಗ ಮೇಲ್ದರ್ಜೆಗೆ ಏರಿಸಿ. ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ನನ್ನ ಉತ್ತರ ಸದಾ ಒಂದೇ: ಸ್ನೇರ್. ಕೈ ಹೆಚ್ಚು ಹೊತ್ತು ಇರುವುದು ಅಲ್ಲಿ, ಮೆಲ್ಲನೆಯ ಪೆಟ್ಟುಗಳು ಹುಟ್ಟುವುದು ಅಲ್ಲಿ. 8 ಇಂಚಿನ ಪ್ಯಾಡಿನಿಂದ 10 ಅಥವಾ 12 ಇಂಚಿನ ಮೆಶ್ ಪ್ಯಾಡಿಗೆ ಬಂದರೆ ರಿಮ್ ಶಾಟ್ (ಮಧ್ಯಕ್ಕೂ ಅಂಚಿಗೂ ಒಟ್ಟಿಗೆ ಬೀಳುವ ಪೆಟ್ಟು) ಕಲಿಯಲು ಜಾಗ ಸಿಗುತ್ತದೆ. ಎರಡನೆಯದು ಹೈ-ಹ್ಯಾಟ್. ಟಾಮ್‌ಗಳು ಕೊನೆಗೆ, ರಬ್ಬರ್ ಟಾಮ್‌ಗಳೊಂದಿಗೆ ವರ್ಷಗಳನ್ನು ಸುಖವಾಗಿ ಕಳೆಯಬಹುದು.

ಕೊಳ್ಳುವ ಮೊದಲು ಮಾಡ್ಯೂಲಿನ ಕೈಪಿಡಿ ತೆಗೆದು ಆ ರಂಧ್ರ ಯಾವ ಬಗೆಯ ಪ್ಯಾಡನ್ನು ಒಪ್ಪುತ್ತದೆ ಎಂದು ಓದಿ. ರಿಮ್‌ಗೆ ಪೀಜೋ ನಿರೀಕ್ಷಿಸುವ ರಂಧ್ರಕ್ಕೆ ಸ್ವಿಚ್ ಬಗೆಯ ಪ್ಯಾಡ್ ಹಾಕಿದರೆ ಮಧ್ಯ ಮಾತ್ರ ನುಡಿಯುತ್ತದೆ, ರಿಮ್ ಮೂಕವಾಗುತ್ತದೆ ಅಥವಾ ಅಡ್ಡಾದಿಡ್ಡಿ ವರ್ತಿಸುತ್ತದೆ. ಒಂದು ಕಂಪನಿಯ ಪ್ಯಾಡ್ ಇನ್ನೊಂದು ಕಂಪನಿಯ ಮಾಡ್ಯೂಲಿಗೆ ಹೊಂದಲೂಬಹುದು, ಹೊಂದದೆಯೂ ಇರಬಹುದು. ಮಾರುವವರ ಮಾತಿಗಿಂತ ನಿಮ್ಮ ಮಾಡ್ಯೂಲನ್ನೇ ಚೀಲದಲ್ಲಿ ಹೊತ್ತೊಯ್ದು ಅಂಗಡಿಯಲ್ಲಿ ಜೋಡಿಸಿ ನೋಡುವುದು ಲೇಸು. ಹೆಡ್‌ಫೋನ್, ಒಂದು ಒಳ್ಳೆಯ ಸ್ಟೀರಿಯೋ ಕೇಬಲ್, ನಿಮ್ಮದೇ ಕೋಲುಗಳನ್ನೂ ಒಯ್ಯಿರಿ.

ಬಳಸಿದ ಪ್ಯಾಡ್ ಕೊಳ್ಳುವುದಕ್ಕೆ ಹಿಂಜರಿಯಬೇಕಿಲ್ಲ. ಮಧ್ಯದಿಂದ ಅಂಚಿನವರೆಗೆ ಎಂಟು ಹತ್ತು ಜಾಗಗಳಲ್ಲಿ ಒಂದೇ ಬಲದಿಂದ ಬಾರಿಸಿ ಅಂಕಿ ನೋಡಿ. ರಿಮ್ ಸುತ್ತ ಬಾರಿಸಿ. ಜ್ಯಾಕ್ ಅಲ್ಲಾಡಿಸಿ. ಬಲೆ ಹರಿದಿದ್ದರೆ ಚಿಂತೆಯಿಲ್ಲ, ಬದಲಿಸಬಹುದು. ಬೋಲ್ಟ್ ಕೂರುವ ಮರೆ (ಥ್ರೆಡ್) ಸವೆದಿದ್ದರೆ ಬಿಟ್ಟುಬನ್ನಿ.

ಎರಡನೆಯ ಕ್ರ್ಯಾಶ್ ಬೇಕು, ರಂಧ್ರ ಖಾಲಿಯಿಲ್ಲ ಎನ್ನುವವರಿಗೆ ಒಂದು ದಾರಿ ಇದೆ. ಮಧ್ಯ ಮತ್ತು ರಿಮ್ ಎರಡಕ್ಕೂ ಪೀಜೋ ಒಪ್ಪುವ ಟಾಮ್ ರಂಧ್ರಕ್ಕೆ, ಒಂದು ಸ್ಟೀರಿಯೋ ಜ್ಯಾಕ್ ಎರಡು ಮೋನೋ ಸಾಕೆಟ್ಟುಗಳಾಗಿ ಕವಲೊಡೆಯುವ ಕೇಬಲ್ ಹಾಕಿದರೆ ಎರಡು ಮೋನೋ ಪ್ಯಾಡುಗಳು ಒಂದೇ ರಂಧ್ರದಲ್ಲಿ ಬದುಕುತ್ತವೆ. ಮೆನುವಿನಲ್ಲಿ ರಿಮ್‌ಗೆ ಕ್ರ್ಯಾಶ್ ಧ್ವನಿ ಕೊಡಿ. ಎರಡನ್ನೂ ಒಟ್ಟಿಗೆ ಬಾರಿಸಿದರೆ ಮಾಡ್ಯೂಲ್ ಗೊಂದಲಗೊಳ್ಳಬಹುದು, ಕೈಯಿಂದ ಹಿಡಿದು ಧ್ವನಿ ನಿಲ್ಲಿಸಲೂ ಆಗದು. ಸ್ವಿಚ್ ಬಗೆಯ ರಂಧ್ರದಲ್ಲಿ ಈ ಉಪಾಯ ನಡೆಯುವುದಿಲ್ಲ.

ಕಿಕ್‌ಗೆ (ಕಾಲಿನ ಪೆಡಲಿನಿಂದ ಬಾರಿಸುವ ಡ್ರಮ್ಮಿಗೆ) ಮೆಶ್ ಹಾಕಿದರೆ ಪೆಡಲಿನ ಉಣ್ಣೆಯ ಬೀಟರ್ (ಬಡಿಯುವ ತಲೆ) ತಿರುಗಿಸಿ ಪ್ಲಾಸ್ಟಿಕ್ ಬದಿಯನ್ನು ಬಳಸಿ. ಉಣ್ಣೆ ಬಲೆಯನ್ನು ಉಜ್ಜಿ ಸವೆಸುತ್ತದೆ. ಕೋಲಿನ ತುದಿ ಸಿಬಿರೆದ್ದಿದ್ದರೆ ಅದನ್ನು ಎಸೆಯಿರಿ, ಒಂದು ಸಿಬಿರು ಸಾಕು ಬಲೆ ಹರಿಯಲು.

ಮಹಡಿ ಮನೆಯವರಿಗೆ ಇನ್ನೊಂದು ಮಾತು. ಕೆಳಗಿನ ಮನೆಯವರಿಗೆ ಕೇಳಿಸುವುದು ಕೋಲಿನ ಸದ್ದಲ್ಲ, ಕಿಕ್ ಪೆಡಲಿನ ಗುದ್ದು; ಅದು ನೆಲದ ಮೂಲಕ ಇಳಿಯುತ್ತದೆ. ಕಿಟ್‌ನ ಅಗಲದ ಎರಡು ಪ್ಲೈವುಡ್ ಹಲಗೆ ತೆಗೆದುಕೊಂಡು, ಕೆಳಗಿನದರ ಮೇಲ್ಬದಿಯಲ್ಲೂ ಮೇಲಿನದರ ಕೆಳಬದಿಯಲ್ಲೂ ಎದುರು ಬದುರಾಗಿ 4 ಸೆಂಟಿಮೀಟರ್ ಅಗಲದ ರಂಧ್ರಗಳನ್ನು ಕೊರೆದು, ನಡುವೆ ಟೆನಿಸ್ ಚೆಂಡುಗಳನ್ನು ಕೂರಿಸಿ. ಭಾರ ಹೆಚ್ಚು ಬೀಳುವ ಕಿಕ್ ಮತ್ತು ಆಸನದ ಕೆಳಗೆ ಚೆಂಡುಗಳು ಒತ್ತೊತ್ತಾಗಿರಲಿ. ಬೀದಿಯಲ್ಲಿ ಕ್ರಿಕೆಟ್ ಆಡಿ ಹಳತಾದ ಚೆಂಡುಗಳು ನಡೆಯುತ್ತವೆ, ಗಾಳಿ ಹೋಗಿರಬಾರದು ಅಷ್ಟೇ. ತಂಗಿಯ ಮನೆಯಲ್ಲಿ ಇದನ್ನು ಮಾಡಿದ ಮೇಲೆ ಕೆಳಗಿನ ಮನೆಯ ಅಜ್ಜಿ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಹೇಳುವುದು ನಿಂತಿತು.

ಇಂಥ ವೇದಿಕೆ ಹಾಕಿದಾಗ, ಹೊಸ ಪ್ಯಾಡ್ ಸೇರಿಸಿದಾಗ ಇಡೀ ಕಿಟ್‌ನ ಕಂಪನ ಬದಲಾಗುತ್ತದೆ. ಆದ್ದರಿಂದ ಥ್ರೆಶೋಲ್ಡ್ ಮತ್ತು ಕ್ರಾಸ್‌ಟಾಕ್ ಎರಡನ್ನೂ ಮತ್ತೊಮ್ಮೆ ಮೊದಲಿನಿಂದ ಹೊಂದಿಸಿ, ಹೊಸ ಅಂಕಿಗಳನ್ನು ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು ಮಾಡ್ಯೂಲಿನ ಹಿಂಬದಿಗೆ ಅಂಟಿಸಿಡಿ.